ಶಿವರಾತ್ರಿಗೆ ಮೊದಲೇ ಬಂದ ಸೆಕೆ

ಈ ವರ್ಷವೂ ಸೆಕೆ ಶಿವರಾತ್ರಿಗೆ ಕಾಯಲಿಲ್ಲ. ಮಾಘ ಇನ್ನೂ ಅರ್ಧವಾಗಿಲ್ಲ, ಆಗಲೇ ಬೆಳಗ್ಗೆ ಕಾಫಿ ಒಣಗಿಸುವ ಕಣಕ್ಕೆ ಇಳಿದರೆ ಕಾಲಡಿಯ ಸಿಮೆಂಟು ಬೆಚ್ಚಗಿರುತ್ತದೆ. ನಮ್ಮ ಬಾಳೂರಿನ ಕಡೆ ಈ ದಿನಗಳಲ್ಲಿ ಎದ್ದು ಬಾಯಿ ಬಿಟ್ಟರೆ ಹೊಗೆ ಬರಬೇಕು, ಕಣದ ಆಚೆ ಬದಿ ನಿಂತವರು ಯಾರೆಂದು ಗುರುತು ಸಿಗಬಾರದು. ಈಗ ಎದುರು ಗುಡ್ಡದ ಮರಗಳೆಲ್ಲ ಒಂದೊಂದಾಗಿ ಕಾಣುತ್ತವೆ. ಹಾಲವಾಣ ಹೂ ಬಿಟ್ಟು ಮುಗಿಸಿದೆ, ಜೀರುಂಡೆ ನಡುಮಧ್ಯಾಹ್ನವೇ ಕೂಗುತ್ತದೆ. ಪಕ್ಕದ ಹೋಂಸ್ಟೇಗೆ ಬಂದವರು ನಮ್ಮ ಗೇಟಿನ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತ, ಎಷ್ಟು ಚೆನ್ನಾಗಿದೆ ಮೇಡಂ ಬಿಸಿಲು, ಚಳಿ ಅಂತ ಸ್ವೆಟರ್ ಹೊತ್ತುಕೊಂಡು ಬಂದಿದ್ವಿ ಎಂದರು. ಚೆನ್ನಾಗಿದೆಯಂತೆ. ನಾನು ದಢಾರನೆ ಗೇಟು ಹಾಕಿಕೊಂಡು ಬಂದೆ. ನನ್ನ ಗಂಡ ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

"ಬಿಸಿಲಿನ ಜೊತೆಗೂ ಜಗಳ ಕಾಯೋಳು ಈ ಸೀಮೇಲಿ ನೀನೊಬ್ಳೇ ಮಾರಾಯ್ತಿ."

ಇರಬಹುದು. ನನ್ನ ಬಾಯಿ ಜೋರು ಎಂಬುದು ಹುಟ್ಟಿದ ಮನೆಗೂ ಗೊತ್ತು, ಕೊಟ್ಟ ಮನೆಗೂ ಗೊತ್ತು. ಬಸ್ಸಿನ ಕಂಡಕ್ಟರ್, ತೋಟದ ಮೇಸ್ತ್ರಿ, ಮಗನ ಶಾಲೆಯ ಹೆಡ್‌ಮಾಸ್ಟರು, ಯಾರನ್ನೂ ನಾನು ಬಿಟ್ಟವಳಲ್ಲ. ಹುಟ್ಟುವಾಗಲೇ ನಾಲಿಗೆಗೆ ಮೆಣಸು ಹಚ್ಚಿದ್ದಾರೆ ಎಂದು ನೆಂಟರು ನಗೆಯಾಡುವುದುಂಟು. ಹಾಗೇನಿಲ್ಲ. ಚಿಕ್ಕಂದಿನಲ್ಲಿ ನಾನು ಮಾತೇ ಆಡದ ಹುಡುಗಿಯಾಗಿದ್ದೆ. ನನಗೆ ಬಾಯಿ ಬಂದದ್ದು ಮೂರನೇ ಕ್ಲಾಸಿನ ಬೇಸಿಗೆಗೆ ಮುಂಚೆ, ಇದೇ ಥರದ ಹೊತ್ತಲ್ಲದ ಹೊತ್ತಿನ ಸೆಕೆಯಲ್ಲಿ, ಈಗ ನಾವಿರುವ ಈ ನನ್ನ ತವರುಮನೆಯ ಒಂದು ಕೋಣೆಯ ದೆಸೆಯಿಂದ.

ಆ ಕೋಣೆ ಅಡುಗೆಮನೆಗೆ ಅಂಟಿಕೊಂಡಿದೆ. ಗೋಡೆಯ ಆಚೆ ಒಲೆ ಇರುವುದರಿಂದ ಯಾವಾಗಲೂ ಬೆಚ್ಚಗಿರುತ್ತದೆ ಎಂದು ಮನೆ ಕಟ್ಟಿಸುವಾಗಲೇ ಅದನ್ನು ಬಾಣಂತಿಯರಿಗೆಂದು ಬಿಟ್ಟಿದ್ದರಂತೆ. ಬಾಣಂತಿ ಇಲ್ಲದ ವರ್ಷಗಳಲ್ಲಿ ಅಲ್ಲಿ ಮೆಣಸಿನ ಮೂಟೆ, ಕಂಬಳಿ ರಾಶಿ, ಹಪ್ಪಳದ ಡಬ್ಬ ಇರುತ್ತಿದ್ದವು. ಆದರೂ ಅದು ಬಾಣಂತಿ ಕೋಣೆಯೇ. ಒಂದೇ ಕಿಟಕಿ, ಅದೂ ಬಡಗಣ ಕಣಿವೆಯ ಕಡೆಗೆ. ಮಂಜು ಮೇಲೇರಿ ಬರುವುದು ಆ ಕಡೆಯಿಂದಲೇ. ಆ ಕಿಟಕಿಯ ಅಗುಳಿ ನಮ್ಮ ಅಜ್ಜಿಯ ಸ್ವಂತ ಆಸ್ತಿ ಇದ್ದ ಹಾಗೆ. ದೀಪಾವಳಿ ಮುಗಿದ ಮಾರನೆಯ ದಿನ ಅವಳೇ ಹೋಗಿ ಅಗುಳಿ ಜಡಿದು, ಸಂದಿಗೆಲ್ಲ ಹಳೇ ಸೀರೆಯ ಚೂರು ತುರುಕಿ ಬರುತ್ತಿದ್ದಳು. ಮತ್ತೆ ಅದನ್ನು ತೆಗೆಯುತ್ತಿದ್ದದ್ದು ಶಿವರಾತ್ರಿಯ ಮಾರನೆಯ ದಿನ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎಂದು ಲೋಕವೆಲ್ಲ ಹೇಳುತ್ತದೆ. ಅಜ್ಜಿ ಅದನ್ನು ಬರೀ ಹೇಳುತ್ತಿರಲಿಲ್ಲ, ನಡೆಸುತ್ತಿದ್ದಳು.

ಅದಕ್ಕೆ ಕಾರಣವಿತ್ತು. ಅಪ್ಪನ ಬೆನ್ನಿಗೆ ಹುಟ್ಟಿದ ಅವಳ ಎರಡನೆಯ ಮಗ ಅದೇ ಕೋಣೆಯಲ್ಲಿ ತೀರಿಕೊಂಡಿದ್ದ. ಅವಳೇ ಬಾಣಂತಿ. ಒಂದು ಮಾಘದ ಬೆಳಗ್ಗೆ ಹೊಗೆ ಹೆಚ್ಚಾಯಿತೆಂದು ಕಿಟಕಿಯನ್ನು ಒಂದಿಷ್ಟು ಸರಿಸಿ ಹಾಗೇ ಕಣ್ಣು ಮುಚ್ಚಿದಳಂತೆ. ಎದ್ದಾಗ ಕೋಣೆಯ ತುಂಬ ಮಂಜು, ಮಗು ತಣ್ಣಗೆ. ಈ ಕತೆಯನ್ನು ಅವಳು ಅಳುತ್ತ ಹೇಳಿದ್ದನ್ನು ನಾನು ಕಂಡಿಲ್ಲ. ಒಲೆ ಮುಂದೆ ಕೂತು ಕಡುಬಿನ ಹಿಟ್ಟು ತೊಳಸುತ್ತ, ಉಪ್ಪು ಸರಿಯಾಗಿದೆಯಾ ಎಂದು ನಾಲಿಗೆಗೆ ಹಚ್ಚಿ ನೋಡುತ್ತ, ನಡುನಡುವೆ ಹೇಳುತ್ತಿದ್ದಳು. ಆ ಮಗುವನ್ನು ಕೂಸು ಎಂದೇ ಕರೆಯುತ್ತಿದ್ದಳು. ಅಪ್ಪನಿಗೆ ಮೀಸೆ ನರೆತರೂ ಅವರ ತಮ್ಮ ಮಾತ್ರ ಕೂಸಾಗಿಯೇ ಉಳಿದ.

ಅಜ್ಜಿಯನ್ನು ಕೆಟ್ಟವಳೆಂದು ಯಾರೂ ತಿಳಿಯಬಾರದು. ಮನೆಗೆ ಯಾರೇ ಬರಲಿ, ಊಟ ಆಯ್ತಾ ಎಂದು ಕೇಳುವವಳಲ್ಲ, ಎಲೆ ಹಾಕಿಬಿಡುವವಳು. ನನಗೆ ಜ್ವರ ಬಂದರೆ ಹಾಸಿಗೆಯ ಪಕ್ಕದಿಂದ ಕದಲುತ್ತಿರಲಿಲ್ಲ. ಅಮ್ಮನನ್ನೂ ಒಂದು ದಿನವೂ ಹೀಯಾಳಿಸಿದವಳಲ್ಲ. ಆದರೆ ಅಡುಗೆಮನೆ, ಬಚ್ಚಲು, ಬಾಣಂತಿ ಕೋಣೆ ಮೂರೂ ಅವಳ ರಾಜ್ಯ. ಅಲ್ಲಿ ಅವಳ ಮಾತಿಗೆ ಎದುರು ಮಾತು ಇರಲಿಲ್ಲ. ಅಮ್ಮ ಆ ಮನೆಗೆ ಬಂದು ಎಷ್ಟೋ ವರ್ಷ ಆಗಿದ್ದರೂ ಸಾರಿಗೆ ಉಪ್ಪು ಹಾಕುವ ಮೊದಲು ಅತ್ತೆಯ ಮುಖ ನೋಡುತ್ತಿದ್ದಳು.

ಸುಮತ್ತೆ ಅಪ್ಪನ ಒಬ್ಬಳೇ ತಂಗಿ. ಆಲ್ದೂರಿಗೆ ಕೊಟ್ಟಿದ್ದರು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಬಸಿರಾಗಿದ್ದಳು, ಹಾಗಾಗಿ ಅವಳು ಹೆರಿಗೆಗೆ ತವರಿಗೆ ಬಂದದ್ದು ನಮಗೆಲ್ಲ ಹಬ್ಬ. ಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ಜೀಪಿನಲ್ಲಿ ಮನೆಗೆ ಕರೆತಂದ ದಿನ ಚಳಿ ಎಂದರೆ ಚಳಿ, ಅಜ್ಜಿ ಗೇಟಿನ ಹತ್ತಿರವೇ ಕಂಬಳಿ ಹಿಡಿದು ನಿಂತಿದ್ದಳು. ಕೋಣೆ ತಯಾರಾಗಿತ್ತು. ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ, ಅದಕ್ಕೆ ಹೊತ್ತು ಹೊತ್ತಿಗೆ ಓಮ, ಸಾಂಬ್ರಾಣಿ. ಸುಮತ್ತೆಯ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಬಟ್ಟೆ, ಕಾಲಿಗೆ ಚೀಲ. ಮಗುವಿಗೆ ಟೋಪಿಯ ಮೇಲೊಂದು ಟೋಪಿ. ಬೆಳಗ್ಗೆ ಎಣ್ಣೆ ನೀರು, ಆ ನೀರೋ ಹಂಡೆಯಲ್ಲಿ ಕೊತಕೊತ ಕುದಿದದ್ದು. ಆಮೇಲೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಬಿಸಿ ಅನ್ನ. ನೀರು ಮಾತ್ರ ಕೊಡುವಂತಿಲ್ಲ. ಬಾಣಂತಿಗೆ ತಣ್ಣೀರು ವಿಷ, ಹೊಟ್ಟೆ ಜೋಲುತ್ತದೆ, ಮೈಗೆ ಸನ್ನಿ ಏರುತ್ತದೆ, ಹಾಲಿನ ಮೂಲಕ ಮಗುವಿಗೆ ಶೀತ ಇಳಿಯುತ್ತದೆ ಎಂದು ಅಜ್ಜಿಯ ಲೆಕ್ಕ. ಜೀರಿಗೆ ಹಾಕಿ ಕುದಿಸಿದ ನೀರನ್ನು ಒಂದು ಪುಟ್ಟ ಬೆಳ್ಳಿ ಲೋಟದಲ್ಲಿ ಊಟದ ಜೊತೆ ಕೊಡುತ್ತಿದ್ದಳು, ಅಷ್ಟೇ. ಚಳಿಯ ದಿನಗಳಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಾನಂತೂ ಸ್ಕೂಲಿಂದ ಬಂದವಳೇ ಆ ಕೋಣೆಗೆ ನುಗ್ಗಿ ಕೆಂಡದ ಹತ್ತಿರ ಕಾಲು ಚಾಚಿ ಕೂರುತ್ತಿದ್ದೆ. ಮಗುವಿನ ತಲೆಯ ವಾಸನೆ, ಸಾಂಬ್ರಾಣಿ ವಾಸನೆ, ಸುಮತ್ತೆಯ ನಗು. ನನ್ನ ಬಾಲ್ಯದಲ್ಲಿ ನಾನು ಅತ್ಯಂತ ಸುಖವಾಗಿದ್ದ ಜಾಗ ಯಾವುದು ಎಂದು ಕೇಳಿದರೆ ಆ ಕೋಣೆಯನ್ನೇ ಹೇಳಬೇಕು.

ಆಮೇಲೆ ಒಂದು ಬೆಳಗ್ಗೆ ಮಂಜು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಗಾಳಿ ನಿಂತುಹೋಯಿತು. ಬೇಸಿಗೆಯಲ್ಲೂ ಕಾಣದಂಥ ಸೆಕೆ, ಘಟ್ಟದ ಕೆಳಗಿನವರು ಹೇಳುವ ಸೆಕೆ, ಮೈ ಒರೆಸಿಕೊಂಡರೆ ಮತ್ತೆ ಒದ್ದೆ. ಬಾಬಾಬುಡನ್‌ಗಿರಿಯ ದಿಕ್ಕಿನಲ್ಲಿ ಹುಲ್ಲಿಗೆ ಬೆಂಕಿ ಬಿದ್ದಿದೆ ಎಂದು ಯಾರೋ ಹೇಳಿದರು, ಆಕಾಶವೆಲ್ಲ ಬೂದಿ ಬಣ್ಣ. ನಾಯಿ ಬಚ್ಚಲಿನ ಹಸಿ ನೆಲದಲ್ಲಿ ಹೊಟ್ಟೆ ಹಚ್ಚಿ ಮಲಗಿಬಿಟ್ಟಿತು. ಅಪ್ಪ ಮೂರು ಹೊತ್ತೂ ತೋಟದಲ್ಲೇ. ರೋಬಸ್ಟಾ ಕಾಫಿಯ ಮೊಗ್ಗು ಈ ಬಿಸಿಲಿಗೆ ಕರಟಿಹೋಗುತ್ತದೆ, ಈಗ ಮೊಗ್ಗು ಅರಳಿಸುವ ಹೂವಿನ ಮಳೆ ಬಾರದಿದ್ದರೆ ಮುಂದಿನ ಬೆಳೆ ಗೋವಿಂದ ಎಂದು ಅವರಿಗೆ ಅದೇ ಚಿಂತೆ. ಊಟಕ್ಕೆ ಬಂದಾಗಲೂ ಆಕಾಶ ನೋಡುತ್ತಲೇ ಕೈ ತೊಳೆಯುತ್ತಿದ್ದರು. ಹೊರಗೆ ಹೀಗಿರುವಾಗ ಒಳಗೆ ಬಾಣಂತಿ ಕೋಣೆಯಲ್ಲಿ ಮಾತ್ರ ಮಾಗಿಯ ಚಳಿ ನಡೆದೇ ಇತ್ತು. ಅದೇ ಅಗ್ಗಿಷ್ಟಿಕೆ, ಅದೇ ಟೋಪಿ, ಅದೇ ಜಡಿದ ಅಗುಳಿ. ಅಜ್ಜಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಲೇ ಕೆಂಡ ತುಂಬುತ್ತಿದ್ದಳು. ಅವಳಿಗೂ ಸೆಕೆಯಾಗುತ್ತಿತ್ತು. ಆದರೆ ಶಿವರಾತ್ರಿ ಇನ್ನೂ ಬಂದಿರಲಿಲ್ಲ.

ನಾನು ಸ್ಕೂಲಿಂದ ಬಂದು ಆ ಕೋಣೆಗೆ ಹೋದರೆ ಈಗ ಹೊಸ್ತಿಲಲ್ಲೇ ಉಸಿರು ಕಟ್ಟುತ್ತಿತ್ತು. ಸುಮತ್ತೆಯ ತುಟಿ ಒಡೆದು ಬಿಳಿಯಾಗಿತ್ತು. ಅವಳ ನಗು ನಿಂತಿತ್ತು. ಅಜ್ಜಿ ಬಚ್ಚಲ ಕಡೆ ಹೋದದ್ದನ್ನು ನೋಡಿ ನನ್ನನ್ನು ಹತ್ತಿರ ಕರೆದಳು.

"ಪುಟ್ಟಿ, ಒಂದ್ ಚೊಂಬು ನೀರು ತಂದ್ಕೊಡೇ. ತಣ್ಣೀರು. ಅವ್ವಂಗೆ ಹೇಳ್ಬೇಡ."

ನಾನು ಅಡುಗೆಮನೆಯ ಕೊಡದಿಂದ ಚೊಂಬಿನ ತುಂಬ ನೀರು ತುಂಬಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. ಹೊಸ್ತಿಲ ಹತ್ತಿರ ಅಜ್ಜಿ ಎದುರಾದಳು. ಗದರಲಿಲ್ಲ. ಚೊಂಬನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ನಿಂಗೆ ಗೊತ್ತಾಗಲ್ಲ ಮಗ. ಅವ್ಳು ಕೇಳ್ತಾಳೆ, ಕೊಡ್ಬಾರ್ದು. ನಾನೂ ಕೇಳಿದ್ದೆ, ನಮ್ಮವ್ವ ಕೊಟ್ಟಿರ್ಲಿಲ್ಲ."

ಆ ನೀರನ್ನು ಅವಳು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದಳು. ಮಂಚದ ಮೇಲಿಂದ ಸುಮತ್ತೆ ಅದನ್ನು ಬಾಗಿಲ ಮೂಲಕ ನೋಡುತ್ತಿದ್ದಳು. ಬಾಣಂತಿಯಾದವಳು ತಾಯಿಗೆ ಎದುರಾಡುತ್ತಾಳೆಯೇ, ಅದೂ ತವರಿನಲ್ಲಿ. ಸುಮ್ಮನೆ ಗೋಡೆಯ ಕಡೆ ತಿರುಗಿ ಮಲಗಿದಳು.

ಅಮ್ಮ ಮೊದಲ ಸಲ ಮಾತೆತ್ತಿದ್ದು ಮಧ್ಯಾಹ್ನದ ಊಟದಲ್ಲಿ. ಅಕ್ಕಿರೊಟ್ಟಿ, ಹುರುಳಿ ಸಾರು. ಅಪ್ಪ ಮಣೆಯ ಮೇಲೆ ಕೂತಿದ್ದರು, ನಾನು ಪಕ್ಕದಲ್ಲಿ. ಅಜ್ಜಿ ಒಲೆಯಿಂದ ಕೆಂಡ ತೆಗೆದು ಅಗ್ಗಿಷ್ಟಿಕೆಗೆ ಹಾಕುತ್ತಿದ್ದಳು. ಅಮ್ಮ ರೊಟ್ಟಿ ಬಡಿಸುತ್ತ, ರೊಟ್ಟಿಗೇ ಹೇಳುವ ಹಾಗೆ ತಲೆ ಬಗ್ಗಿಸಿಕೊಂಡು ಹೇಳಿದಳು.

"ಅತ್ತೆ, ಈ ಸೆಕೇಲಿ ಆ ಕೆಂಡ ಎಂತಕ್ಕೆ? ಮಗು ನಿನ್ನೆಯಿಂದ ಸರಿಯಾಗಿ ಹಾಲು ಎಳೀತಿಲ್ಲ. ಹೊರಗೇ ಇಷ್ಟು ಕಾವಿದೆ. ಒಂದ್ ಹೊತ್ತಾದ್ರೂ ಕಿಟಕಿ ತೆಗೀಬಾರ್ದಾ?"

"ಶಿವರಾತ್ರಿ ಆಗ್ಲಿ."

"ಶಿವರಾತ್ರಿ ಆಗ್ಬೇಕು ಹೌದು. ಆದ್ರೆ ಚಳಿ ಎಲ್ಲಿದೆ ಅತ್ತೆ?"

ಅಜ್ಜಿಯ ಇಕ್ಕಳ ನಿಂತಿತು. ಅವಳು ಅಮ್ಮನ ಮುಖವನ್ನೇ ನೋಡಿದಳು.

"ಇದು ಕಳ್ಳ ಬಿಸಿಲು ಕಣೆ. ಹಗಲು ಹೀಗೆ ನಂಬಿಸುತ್ತೆ, ಬೆಳಗಿನ ಜಾವಕ್ಕೆ ಕುತ್ತಿಗೆ ಹಿಚುಕುತ್ತೆ. ನಿನ್ನ ಮಗಳು ಬದುಕಿದಾಳೆ, ಅದ್ಕೇ ನಿಂಗೆ ಧೈರ್ಯ. ನಾನು ಒಂದು ಮಣ್ಣಿಗೆ ಹಾಕ್ದೋಳು."

ಅಪ್ಪ ರೊಟ್ಟಿ ಮುರಿಯುತ್ತ, ಅವ್ವ ಹೇಳ್ದಂಗೆ ಮಾಡು, ಹೆಂಗಸರ ವಿಷಯ ನಂಗೆಂತ ಗೊತ್ತು ಎಂದರು. ಎಂದವರು ಎದ್ದು ಮತ್ತೆ ತೋಟಕ್ಕೇ ಹೋದರು. ಆ ವಾರ ಅಪ್ಪನಿಗೆ ಕಾಫಿಯ ಮೊಗ್ಗು ಒಣಗುತ್ತಿರುವುದು ಕಂಡಷ್ಟು ಮನೆಯೊಳಗಿನದು ಕಾಣಲಿಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ, ಅಪ್ಪ ಎಷ್ಟೇ ಒಳ್ಳೆಯವರಾಗಿದ್ದರೂ.

ಎರಡು ದಿನ ಕಳೆದಿರಬೇಕು. ಶನಿವಾರ, ಸ್ಕೂಲು ಬೆಳಗಿನದು ಮಾತ್ರ. ನಾನು ಅಮ್ಮನ ಹಿಂದೆಯೇ ಕೋಣೆಗೆ ಹೋದೆ, ಅವಳು ಸುಮತ್ತೆಯ ಊಟದ ತಟ್ಟೆ ಹಿಡಿದಿದ್ದಳು. ಮಗು ಅಳುತ್ತಿರಲಿಲ್ಲ. ನಿದ್ದೆಯೂ ಅಲ್ಲ, ಬಾಯಿ ಅರ್ಧ ತೆರೆದಿತ್ತು, ನಾಲಿಗೆ ಒಣಗಿತ್ತು, ನೆತ್ತಿಯ ಮೆತ್ತನೆಯ ಜಾಗ ಒಳಕ್ಕೆ ಇಳಿದಿತ್ತು. ಸುಮತ್ತೆ ಎದ್ದು ಕೂರಲಾರದೆ ಒಂದು ಕೈಯಿಂದ ಅದರ ಕೆನ್ನೆ ತಟ್ಟುತ್ತಿದ್ದಳು. ನಾನು ಮುಟ್ಟಿದೆ. ಮಗುವಿನ ಮೈ ಅಗ್ಗಿಷ್ಟಿಕೆಯ ಅಂಚಿನ ಹಾಗೆ ಸುಡುತ್ತಿತ್ತು. ಅಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. ಹೋಗಿ ಕಿಟಕಿಯ ಸಂದಿಯ ಬಟ್ಟೆ ಕಿತ್ತಳು. ಅಗುಳಿ ಬಿಗಿದು ಕೂತಿತ್ತು, ಅಲುಗಲಿಲ್ಲ. ಅಡುಗೆಮನೆಗೆ ಓಡಿ ಕುಟ್ಟಾಣಿಯ ಗುಂಡು ತಂದು ಕೆಳಗಿನಿಂದ ಹೊಡೆದಳು. ಅತ್ತೆಯ ಎದುರು ಬಳೆಯ ಸದ್ದೂ ಬಾರದ ಹಾಗೆ ಪಾತ್ರೆ ತೊಳೆಯುತ್ತಿದ್ದ ನನ್ನ ಅಮ್ಮ ಕಬ್ಬಿಣದಿಂದ ಮರಕ್ಕೆ ಹೊಡೆಯುವ ಸದ್ದು ಇಡೀ ಮನೆಗೆ ಕೇಳಿತು. ಅಗುಳಿ ಹಾರಿ ಬಿತ್ತು, ಕಿಟಕಿ ತೆರೆಯಿತು. ಕಣಿವೆಯಿಂದ ಗಾಳಿ ಎಂಬಂಥದ್ದು ಸ್ವಲ್ಪ ಬಂತು. ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದಿದ್ದಳು. ತೆರೆದ ಕಿಟಕಿಯನ್ನು ನೋಡಿದವಳೇ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕುಸಿದು ಕೂತಳು.

"ಅಯ್ಯೋ, ತೆಗೆದ್ಯಾ. ತೆಗೆದೇಬಿಟ್ಯಾ."

ಅಮ್ಮ ಬೆರಳಿಗೆ ಸೆರಗಿನ ತುದಿ ಸುತ್ತಿ, ಊಟದ ಜೊತೆಗಿದ್ದ ಬೆಳ್ಳಿ ಲೋಟದ ನೀರಿನಲ್ಲಿ ಅದ್ದಿ, ಮಗುವಿನ ಬಾಯಿಗೆ ಹಿಂಡುತ್ತಿದ್ದಳು. ಹನಿ ಒಳಗೆ ಹೋಗದೆ ಕೆನ್ನೆಯ ಮೇಲಿಂದ ಇಳಿಯಿತು. ನಾನು ತೋಟಕ್ಕೆ ಓಡಿ ಅಪ್ಪನನ್ನು ಕರೆತಂದೆ. ಅಪ್ಪ ಕಾಲಿನ ಮಣ್ಣನ್ನೂ ಒರೆಸದೆ ಜೀಪು ತೆಗೆದರು, ಅಮ್ಮ ಮಗುವನ್ನು ಎತ್ತಿಕೊಂಡು ಹತ್ತಿದಳು. ಹಸಿ ಬಾಣಂತಿ ಹೊರಗೆ ಕಾಲಿಡುವಂತಿಲ್ಲ ಎಂದು ಸುಮತ್ತೆಯನ್ನು ಬಿಟ್ಟು ಹೋದರು. ಅಜ್ಜಿ ಎದ್ದು ಕಿಟಕಿ ಮುಚ್ಚಿ ಅಗುಳಿ ಮತ್ತೆ ಜಡಿದಳು, ಬಟ್ಟೆ ತುರುಕಿದಳು, ಮಂಚದ ಕಾಲಿನ ಹತ್ತಿರ ಕೂತು ಮಗಳ ಪಾದ ತಿಕ್ಕತೊಡಗಿದಳು. ನಾನು ಜಗಲಿಯ ಮೆಟ್ಟಿಲಲ್ಲಿ ಕೂತು ಜೀಪಿನ ಸದ್ದಿಗೆ ಕಿವಿಗೊಟ್ಟಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಜೀಪು ಬಂತು. ಅಮ್ಮ ಇಳಿದಾಗ ಮಗುವಿನ ಮುಖದ ಮೇಲೂ ಬಟ್ಟೆ ಹೊದಿಸಿತ್ತು. ಕೇಳುವುದೇನೂ ಉಳಿದಿರಲಿಲ್ಲ. ಒಳಗಿನಿಂದ ಸುಮತ್ತೆ ಅತ್ತದ್ದು ಕೇಳಿಸಿತು. ಅಜ್ಜಿ ಮಾತ್ರ ಜಗಲಿಯ ಕಂಬ ಹಿಡಿದು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಡಾಕ್ಟ್ರು ಎಂತ ಅಂದ್ರು?"

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಮ್ಮ ಅವರಿಗಿಂತ ಮೊದಲೇ ಹೇಳಿದಳು.

"ಶೀತ ಅಂದ್ರು ಅತ್ತೆ. ಗಾಳಿ ತಾಗಿದೆ ಅಂದ್ರು."

ಅಪ್ಪ ಅಮ್ಮನನ್ನು ನೋಡಿದರು. ಆಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡರು, ಬಹಳ ಹೊತ್ತು ಹಾಕಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಆ ಮಗುವಿನ ಮೈ ಸುಡುತ್ತಿದ್ದದ್ದನ್ನು ನನ್ನ ಕೈ ಮುಟ್ಟಿ ನೋಡಿತ್ತು. ಅಮ್ಮನ ಬಾಯಿಂದ ಶೀತ ಎಂಬ ಮಾತು ಹೇಗೆ ಬಂತು ಎಂದು ನನಗೆ ಅರ್ಥವೇ ಆಗಲಿಲ್ಲ. ಅವತ್ತಿನಿಂದ ದೊಡ್ಡವರು ಹೇಳಿದ್ದನ್ನು ಹಾಗೇ ನಂಬುವುದು ನನ್ನಿಂದ ಆಗದೆ ಹೋಯಿತು.

ಮಗುವನ್ನು ತೋಟದ ಮೇಲಿನ ಅಂಚಿನಲ್ಲಿ, ಕೂಸನ್ನು ಇಟ್ಟಿದ್ದ ಜಾಗದ ಪಕ್ಕದಲ್ಲೇ ಇಟ್ಟರು. ಅದಕ್ಕೆ ಹೆಸರಿಡುವ ಶಾಸ್ತ್ರ ಆಗಿರಲಿಲ್ಲ. ಶಿವರಾತ್ರಿಯ ಮಾರನೆಯ ದಿನ ಅಜ್ಜಿ ಎಂದಿನ ಹಾಗೆ ಹೋಗಿ ಅಗುಳಿ ತೆಗೆದು, ಖಾಲಿ ಕೋಣೆಯ ಕಿಟಕಿಯನ್ನು ತೆರೆದಳು. ಸುಮತ್ತೆ ಅಷ್ಟರಲ್ಲಿ ಆಲ್ದೂರಿಗೆ ಹೊರಟುಹೋಗಿದ್ದಳು. ಆ ವರ್ಷ ಹೂವಿನ ಮಳೆ ಸರಿಯಾದ ಹೊತ್ತಿಗೆ ಬಂದು, ಅಪ್ಪ ಹೆದರಿದ ಹಾಗೇನೂ ಆಗದೆ, ಕಾಫಿ ಚೆನ್ನಾಗಿಯೇ ಕಟ್ಟಿತು.

ಅಜ್ಜಿ ಅಮ್ಮನನ್ನು ಕ್ಷಮಿಸಿದಳು. ನನಗೆ ಸಹಿಸಲಾಗದೆ ಹೋದದ್ದು ಇದೇ. ಬಂದವರ ಎದುರೆಲ್ಲ ಅಮ್ಮನ ತಲೆ ಸವರಿ, ಪಾಪ, ಇವಳದೇನೂ ತಪ್ಪಿಲ್ಲ, ಸೆಕೆ ಅಂತ ಕಿಟಕಿ ತೆಗೆದ್ಲು, ಗೊತ್ತಿರ್ಲಿಲ್ಲ, ನಾನೂ ಹಾಗೇ ತೆಗ್ದೋಳಲ್ವಾ ಎನ್ನುತ್ತಿದ್ದಳು. ಅಮ್ಮ ತಲೆ ತಗ್ಗಿಸಿ ಕಾಫಿ ಲೋಟ ಎತ್ತಿಕೊಂಡು ಹೋಗುತ್ತಿದ್ದಳು. ಆಲ್ದೂರಿನ ನೆಂಟರು ಅಮ್ಮನ ಬೆನ್ನ ಹಿಂದೆ ಗುಸುಗುಸು ಮಾಡುತ್ತಿದ್ದರು. ಸುಮತ್ತೆ ಎರಡನೆಯ ಹೆರಿಗೆಗೆ ತವರಿಗೆ ಬರಲಿಲ್ಲ. ಹಬ್ಬಕ್ಕೋ ತಿಥಿಗೋ ಬಂದರೂ ಅಮ್ಮನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಕಾಫಿ ಕುಡಿಯುತ್ತಿದ್ದಳು, ಊಟ ಮಾಡುತ್ತಿದ್ದಳು, ಅಮ್ಮ ನೀರಿನ ಚೊಂಬು ಇಟ್ಟರೆ ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೊಂದವಳ ಕೈಯ ನೀರು ಇಳಿಯುವುದಿಲ್ಲ, ಅದಕ್ಕೇ ಎಂದು ನಾವೆಲ್ಲ ತಿಳಿದೆವು. ಅಮ್ಮ ಯಾಕೆ ಒಂದು ಮಾತು ಆಡುವುದಿಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಅವಳು ಆಡದೆ ನುಂಗಿದ ಮಾತುಗಳನ್ನೆಲ್ಲ ನಾನು ಬೆಳೆದ ಹಾಗೆ ಸಿಕ್ಕಸಿಕ್ಕವರ ಮೇಲೆ ಆಡುತ್ತ ಹೋದೆ. ನನ್ನ ಜೋರು ಬಾಯಿಯ ಮೂಲ ಅದು.

ನಿಜ ತಿಳಿದದ್ದು ನನ್ನ ಮಗ ಹುಟ್ಟಿದಾಗ. ಆಸ್ಪತ್ರೆಯಿಂದ ನನ್ನನ್ನು ಇದೇ ಕೋಣೆಗೆ ಕರೆತಂದರು, ಅದೂ ಮಾಗಿಯಲ್ಲೇ. ಅಜ್ಜಿಗೆ ಕಣ್ಣು ಪೂರ್ತಿ ಮಂಜಾಗಿತ್ತು, ಆದರೂ ಗೋಡೆ ಹಿಡಿದು ಬಂದು ಕೆಂಡ ಇದೆಯಾ, ಕೆಂಡ ಇದೆಯಾ ಎಂದು ವಿಚಾರಿಸುತ್ತಿದ್ದಳು. ಹೆಂಗಸರ ವಿಷಯ ಗೊತ್ತಿಲ್ಲ ಎಂದಿದ್ದ ಅಪ್ಪ ತಾವೇ ಒಳಗೆ ಬಂದು, ಅಗ್ಗಿಷ್ಟಿಕೆಯನ್ನು ಎತ್ತಿ ಹಿತ್ತಲಿಗೆ ಒಯ್ದು, ಕೆಂಡ ಸುರಿದು, ಬರೀ ಬೂದಿ ತುಂಬಿ ತಂದಿಟ್ಟರು. ಬೂದಿಯ ನಡುವೆ ಸಾಂಬ್ರಾಣಿಗೆಂದು ಒಂದೇ ಒಂದು ಚೂರು ಕೆಂಡ. ವಾಸನೆ ಬಂದರೆ ಸಾಕು, ಅಜ್ಜಿ ನಂಬುತ್ತಾಳೆ.

"ಇದೆ ಅವ್ವ, ಕೆಂಡ ಇದೆ. ನೀನು ಮಲ್ಗು," ಎಂದರು ಅಪ್ಪ.

ಅಜ್ಜಿ ಅತ್ತ ಹೋದ ಮೇಲೆ ಅಪ್ಪ ನನಗೆ ಹೇಳಿದರು. ಡಾಕ್ಟರು ಅವತ್ತು ಅಂದದ್ದು ಶೀತ ಅಂತಲ್ಲ. ಮಗು ಒಣಗಿಹೋಗಿದೆ, ಈ ಸೆಕೆಯಲ್ಲಿ ಬೆಂಕಿ ಇಟ್ಟು ಕೂಡಿಹಾಕುತ್ತಾರೇನ್ರೀ ಎಂದು ಬೈದಿದ್ದರು. ಬರುವ ದಾರಿಯಲ್ಲಿ ಅಮ್ಮ ಜೀಪು ನಿಲ್ಲಿಸಲು ಹೇಳಿ, ಮನೆಯಲ್ಲಿ ಇದನ್ನು ಹೇಳಬಾರದು ಎಂದಳಂತೆ. ನಾನು ಅಮ್ಮನ ಮೇಲೆ ಎಗರಿದೆ. ಯಾಕೆ ಹೇಳಲಿಲ್ಲ, ಇಷ್ಟು ವರ್ಷ ಯಾಕೆ ಹೊತ್ತುಕೊಂಡೆ ಎಂದು ಕೇಳಿದೆ. ಅವಳು ನನ್ನ ಮಗನ ಬಟ್ಟೆ ಮಡಚುತ್ತಿದ್ದಳು.

"ಅತ್ತೆ ಒಂದು ಮಗು ಚಳೀಲಿ ಕಳ್ಕೊಂಡಿದ್ರು, ತನ್ನ ಕೈಯಾರೆ ಅಂತ ಅಂದ್ಕೊಂಡಿದ್ರು. ಇನ್ನೊಂದನ್ನ ಸೆಕೇಲಿ ಕಳೆದ್ರಿ ಅಂತ ನಾನು ಹೆಂಗೆ ಹೇಳ್ಲಿ? ಬದುಕ್ತಿದ್ರಾ ಅವ್ರು?"

"ಸುಮತ್ತೆಗಾದ್ರೂ ಹೇಳ್ಬೋದಿತ್ತಲ್ಲ."

"ಅವಳಿಗೆ ಅವಳ ಅವ್ವ ಬೇಕು. ಅತ್ತಿಗೆ ಇದ್ರೆಷ್ಟು, ಬಿಟ್ರೆಷ್ಟು. ನೀನೂ ಹೇಳ್ಬೇಡ."

ಅಜ್ಜಿ ಹೋದಳು, ಅಪ್ಪ ಹೋದರು. ತೋಟ ನೋಡಿಕೊಳ್ಳಲು ನಾನು ಗಂಡನೊಂದಿಗೆ ಈ ಮನೆಗೇ ಬಂದೆ. ಅಮ್ಮ ಈಗ ಮಲಗುವುದು ಆ ಬಾಣಂತಿ ಕೋಣೆಯಲ್ಲೇ, ಮುದಿ ಮೂಳೆಗೆ ಒಲೆಯ ಗೋಡೆ ಹಿತ ಎಂದು. ಅಜ್ಜಿಯ ಫೋಟೋ ಅಲ್ಲೇ ಇದೆ. ಅಮ್ಮ ಇಂದಿಗೂ ದೀಪಾವಳಿಗೆ ಅಗುಳಿ ಹಾಕಿಸುತ್ತಾಳೆ, ಶಿವರಾತ್ರಿಗೆ ತೆಗೆಸುತ್ತಾಳೆ. ಯಾಕಮ್ಮಾ ಎಂದರೆ, ನಡ್ಕೊಂಡು ಬಂದಿದ್ದು, ಇರ್ಲಿ ಬಿಡು ಎನ್ನುತ್ತಾಳೆ. ಊರಿಗೆಲ್ಲ ಬಾಯಿ ಮಾಡುವ ನಾನು ಅಮ್ಮನ ಈ ಒಂದು ಮಾತನ್ನು ಮೀರಲಿಲ್ಲ, ಸುಮತ್ತೆಗೆ ಹೇಳಲಿಲ್ಲ.

ಹೋದ ವಾರ ಸುಮತ್ತೆ ಬಂದಿದ್ದಳು. ಅವಳ ಮಗ ಕಳಸಕ್ಕೆ ಹೋಗುತ್ತ ಕಾರಿನಲ್ಲಿ ಇಳಿಸಿ ಹೋದ. ತೀರ ಬಗ್ಗಿದ್ದಾಳೆ, ಬಂದವಳು ಅಮ್ಮನ ಮಂಚದ ಎದುರಿನ ಕುರ್ಚಿಯಲ್ಲಿ ಕೂತಳು. ನಾದಿನಿ ಅತ್ತಿಗೆ ಇಬ್ಬರೂ ಮಂಡಿನೋವಿನ ಎಣ್ಣೆಯ ವಿಷಯ, ಮೊಮ್ಮಕ್ಕಳ ವಿಷಯ ಮಾತಾಡಿದರು, ಗೋಡೆ ನೋಡಿಕೊಂಡು. ಕೋಣೆಯಲ್ಲಿ ಸೆಕೆ ತಡೆಯಲಾಗುತ್ತಿರಲಿಲ್ಲ. ಸುಮತ್ತೆಯ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ಕಿಟಕಿಯ ಕಡೆ ಹೋದೆ.

"ಶಿವರಾತ್ರಿ ಆಗ್ಲಿ ಪುಟ್ಟಿ," ಎಂದಳು ಅಮ್ಮ.

ಅಜ್ಜಿಯದೇ ಮಾತು, ಅಜ್ಜಿಯದೇ ಧಾಟಿ. ಸುಮತ್ತೆ ಕುರ್ಚಿಯ ಕೈ ಊರಿ ಎದ್ದಳು. ನನ್ನನ್ನು ಪಕ್ಕಕ್ಕೆ ಸರಿಸಿ ಅಗುಳಿ ಹಿಡಿದು ಎಳೆದಳು. ಅದು ಬರಲಿಲ್ಲ. ಅಮ್ಮನ ಊರುಗೋಲು ತೆಗೆದುಕೊಂಡು ಕೆಳಗಿನಿಂದ ಕುಟ್ಟಿದಳು, ಕುಟ್ಟಿಯೇ ಕುಟ್ಟಿದಳು. ಅಗುಳಿ ಬಿತ್ತು. ಕಿಟಕಿ ತೆರೆದು ಅವಳು ನಮ್ಮ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅಮ್ಮನ ಮುಖ ನೋಡಿದಳು.

"ಒಳಗಿದ್ದೋಳು ನಾನು ಅತ್ತಿಗೆ. ಚಳಿನೋ ಸೆಕೆನೋ ನಂಗೆ ಗೊತ್ತಿರ್ಲಿಲ್ವಾ?"

ಅಮ್ಮ ಮಂಚದ ಅಂಚಿಗೆ ಸರಿದು ಕೂತಳು.

"ಮಗು ನೀವು ಕಿಟಕಿ ತೆಗೆಯೋಕ್ಕಿಂತ ಮೊದ್ಲೇ ಹೋಗ್ತಾ ಇತ್ತು. ನಾನು ನೋಡ್ತಾ ಇದ್ದೆ. ನೀವು ಶೀತ ಅಂದ್ರಿ, ನಾನು ಗೋಡೆ ಕಡೆ ತಿರುಗಿ ಮಲಗ್ದೆ. ಅವ್ವಂಗೆ ಹೇಳಕ್ಕೆ ನಂಗೆ ಬಾಯಿ ಬರ್ಲಿಲ್ಲ. ತಪ್ಪನ್ನ ನೀವು ಹೊತ್ಕೊಂಡ್ರಿ, ನಾನು ಹೊರೋಕೆ ಬಿಟ್ಟೆ. ಆಮೇಲೆ ನಿಮ್ಮ ಮುಖ ಹೆಂಗೆ ನೋಡ್ಲಿ, ನಿಮ್ಮ ಕೈಯಿಂದ ನೀರು ಹೆಂಗೆ ಕುಡೀಲಿ?"

ಇಬ್ಬರು ಹೆಂಗಸರು ಒಬ್ಬಳೇ ಮುದುಕಿಯನ್ನು ಕಾಯಲು ಒಬ್ಬರಿಗೊಬ್ಬರು ಹೇಳದೆ ತಮ್ಮ ಆಯುಷ್ಯವನ್ನೇ ಕಳೆದಿದ್ದರು. ಅಮ್ಮ ನುಂಗಿದ ಮಾತುಗಳನ್ನು ನಾನು ಆಡುತ್ತಿದ್ದೇನೆ ಅಂದುಕೊಂಡದ್ದೆಲ್ಲ ಸುಳ್ಳಾಗಿತ್ತು. ಅಮ್ಮ ಫೋಟೋದ ಕಡೆ ನೋಡಿದಳು, ತೆರೆದ ಕಿಟಕಿಯ ಕಡೆ ನೋಡಿದಳು. ಆಮೇಲೆ ತಲೆಯ ಹತ್ತಿರ ಇಟ್ಟುಕೊಂಡಿದ್ದ ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಚಾಚಿದಳು.

"ಮೊದ್ಲು ನೀರು ಕುಡಿ ಸುಮಿ."

ಸುಮತ್ತೆ ಚೊಂಬು ತೆಗೆದುಕೊಂಡು ಮಂಚದ ಅಂಚಿನಲ್ಲಿ ಕೂತಳು. ಎತ್ತಿ ಕುಡಿದಳು. ನೀರು ಗಲ್ಲದಿಂದ ಕತ್ತಿಗೆ, ಕತ್ತಿನಿಂದ ಸೀರೆಗೆ ಇಳಿಯುತ್ತಿದ್ದರೂ ನಿಲ್ಲಿಸದೆ, ಚೊಂಬು ಬರಿದಾಗುವ ತನಕ ಕುಡಿದಳು. ಅಮ್ಮ ಅದನ್ನೇ ನೋಡುತ್ತಿದ್ದಳು.

"ಇನ್ನೊಂದ್ ಚೊಂಬು ತಗೊಂಡ್ ಬಾ ಪುಟ್ಟಿ," ಎಂದಳು.

ನಾನು ಅಡುಗೆಮನೆಗೆ ಹೋಗಿ ಕೊಡದಿಂದ ನೀರು ತುಂಬಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ. ಹೊಸ್ತಿಲಲ್ಲಿ ಯಾರೂ ಇರಲಿಲ್ಲ.